ಗುರುವಾರದ ಪಾಳಿ

ಒಂದೇ ವಾರದಲ್ಲಿ ಮಂಡಿಪೇಟೆಯ ಐದು ಶಟರ್ ಎದ್ದವು.
ಬೀಗ ಬೀಗದಂತೆಯೇ ಇತ್ತು, ಮುಟ್ಟಿರಲಿಲ್ಲ;
ನಡುವಿಗೆ ಜಾಕಿ ಕೊಟ್ಟು
ಪಂಕ್ಚರಾದ ಲಾರಿ ಎತ್ತುವ ಹಾಗೆ ಎತ್ತಿದ್ದರು.
ಆದರೂ ಆರನೆಯ ಬೆಳಿಗ್ಗೆ
ನಾನು ಛತ್ರಿ ನೆಟ್ಟು ಅರಗಳನ್ನು ಹರಡುವ ಮೊದಲೇ
ಪೊಲೀಸರು ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತರು.
ತಪ್ಪೆನ್ನಲಾರೆ.
ಕಳವಾದ ಊರಲ್ಲಿ ಮೊದಲ ಪ್ರಶ್ನೆ
ಕೀಲಿ ಮಾಡುವವನಿಗೇ.

"ಬುಡೇನ, ರಾತ್ರಿ ಎಲ್ಲಿದ್ದಿ?"
ಮನ್ಯಾಗ, ಸರ.
"ಯಾರು ನೋಡ್ಯಾರ?"
ಮಲಗಿದವನನ್ನು ಯಾರು ನೋಡುತ್ತಾರೆ?

ಕೊಟ್ರಬಸಪ್ಪನ ಅಕ್ಕಿ ಅಂಗಡಿಯ ಅಟ್ಟದ ಮೇಲೆ ಸಭೆ.
ಚೀಲದ ಮೇಲೆ ಕೂತವರು, ಚೀಲಕ್ಕೆ ಒರಗಿದವರು
ರಾತ್ರಿಗೆ ಇಬ್ಬರಂತೆ ಪಾಳಿ ಹಂಚಿಕೊಂಡು
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದರು.
ನಾನೂ ಇದ್ದೆ, ಮೆಟ್ಟಿಲ ಹತ್ತಿರ.
ಯಾರೂ ಬೇಡ ಅನ್ನಲಿಲ್ಲ.
ಯಾರೂ ಬರೆಯಲೂ ಇಲ್ಲ.

ಆಗ ಹಾಲಮ್ಮ, ಸೀರೆಗೆ ಫಾಲ್ಸ್ ಹಚ್ಚುವ ಹಾಲಮ್ಮ,
ಬಾಯೊಳಗಿನ ಎಲೆಯಡಿಕೆ ಒಂದು ದವಡೆಗೆ ಸರಿಸಿ ಅಂದಳು:
"ಬರೀರಿ ಅವನ ಹೆಸರು.
ಅವತ್ತು ನಡುರಾತ್ರಿ ನನ್ನ ಮನಿ ಬೀಗ ತೆಗೆದು ಕೊಟ್ಟ.
ಬಾಗಿಲು ತೆರಕಂಡ ಕೂಡ್ಲೆ
ಬೆನ್ನು ತಿರುಗಿಸಿ ನಿಂತ.
ನಿಮ್ಮೊಳಗ ಎಷ್ಟು ಮಂದಿ ಹಂಗ ನಿಲ್ತೀರಿ?"
ಗುರುವಾರದ ಮುಂದೆ ಘೇವರ್‌ಚಂದ್ ಸೇಠ್, ಪಕ್ಕದಲ್ಲಿ ನಾನು,
ಜಾಗ ಸಾಲದೆ ನನ್ನ ಅಕ್ಷರಗಳು ಸಣ್ಣವಾಗಿದ್ದವು.

ಸೀಟಿ ಅವರ ಕೊರಳಿಗೆ, ಬ್ಯಾಟರಿ ನನ್ನ ಕೈಗೆ.
ಹಗಲು ಮನುಷ್ಯರ ಮುಖ ನೋಡುತ್ತೇನೆ,
ಅವತ್ತು ಬೀಗಗಳ ಮುಖ ನೋಡುತ್ತ ನಡೆದೆ.
ಇದು ಎರಡು ವರ್ಷದಿಂದ ಎಣ್ಣೆ ಕಾಣದ್ದು.
ಇದು ಬರೀ ತೋರಿಕೆಗೆ, ಜಗ್ಗಿದರೆ ಕೈಗೇ ಬರುತ್ತದೆ.
ಸೇಠರ ಪಾತ್ರೆ ಅಂಗಡಿಗೆ ಏಳು ಲಿವರಿನ ಬೀಗ,
ಅದು ತೂಗುವ ಕೊಂಡಿ ಮಾತ್ರ ಡಬ್ಬಿ ತಗಡು.
ಹೇಳಿದೆ.
"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"
ನೀವು ಕೇಳಿದ್ದು ಬೀಗ, ಸೇಠ್‌ಜಿ.
ಕೊಟ್ರಬಸಪ್ಪನ ಕ್ಯಾಮೆರಾ
ಗಲ್ಲಾದ ಹುಡುಗ ಮನೆಗೆ ಹೋದ ಮೇಲೂ
ಅವನ ಖಾಲಿ ಕುರ್ಚಿಯನ್ನೇ ದಿಟ್ಟಿಸುತ್ತಿತ್ತು,
ಬೀದಿಗೆ ಬೆನ್ನು ಹಾಕಿ.

ಮೂರು ಗಂಟೆಗೆ ಓಣಿಯ ತಿರುವಿನ ಮಂಡಕ್ಕಿ ಭಟ್ಟಿ.
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.
ಹೊಗೆಯೊಳಗೆ ಬನಿಯನ್ನಿನ ನಾಲ್ಕು ಮಂದಿ,
ಊರು ಮಲಗಿದ ಮೇಲೆ ದಿನಾ ಎಚ್ಚರ ಇರುವವರು.
ಕ್ಯಾಲೆಂಡರಿನ ಬೆನ್ನ ಮೇಲೆ ಇವರು ಯಾರೂ ಇಲ್ಲ.
"ಬಿಳೀ ಓಮ್ನಿ," ಅಂದ ಒಬ್ಬ, ಜಾಲರಿ ಆಡಿಸುತ್ತಲೇ,
"ನಂಬರಿಗೆ ಕೆಸರು ಮೆತ್ತಿತ್ತು.
ಈ ಬೇಸಿಗ್ಯಾಗ ಕೆಸರು ಎಲ್ಲಿಂದ ಬರಬೇಕು?
ಮೂರು ರಾತ್ರಿ ಅಲ್ಲೇ ನಿಂತಿತ್ತು."
ಹೇಳಬೇಕಿತ್ತಲ್ಲೋ, ಅಂದರು ಸೇಠರು.
"ಯಾರಿಗೆ?"
ಅವನು ಜಗಳಕ್ಕೆ ಕೇಳಿದ್ದಲ್ಲ.
ನಿಜಕ್ಕೂ ಗೊತ್ತಿರಲಿಲ್ಲ ಅವನಿಗೆ.

ಸೇಠರು ಸುಮ್ಮನೆ ಕೊರಳಿನ ಸೀಟಿ ತೆಗೆದು
ಅಂಗಿಗೆ ಒರೆಸಿ
ಭಟ್ಟಿಯ ಮೊಳೆಗೆ ತೂಗುಹಾಕಿದರು.
ಬೀಟಿನ ಓಬಳೇಶ ಬಂದ, ಓಮ್ನಿಯ ಮಾತು ಬರೆದುಕೊಂಡ,
ಬಿಸಿ ಮಂಡಕ್ಕಿ ಒಂದು ಬೊಗಸೆ ತಿಂದ,
ಪುಸ್ತಕದಲ್ಲಿ ಮೂರು ಇಪ್ಪತ್ತು ಎಂದು ಹಾಕಿ ಹೋದ.
ಗಾಡಿ ಮತ್ತೆ ಬರಲಿಲ್ಲ.
ಸುಳಿವು ಹತ್ತಿತೋ, ಬೇರೆ ಪೇಟೆ ಹಿಡಿಯಿತೋ,
ಆ ಪೇಟೆಗೂ ಒಂದು ಭಟ್ಟಿ ಇರಲಿ.

ಒಂದು ಮಾತು ಸಭೆಯಲ್ಲಿ ಹೇಳಿಲ್ಲ.
ಮಾಡಿಸಿ ಒಯ್ಯದೇ ಹೋದ ಕೀಲಿಗಳ ಗೊಂಚಲೊಂದು ನನ್ನಲ್ಲಿದೆ.
ಯಾವುದು ಯಾವ ಬಾಗಿಲದ್ದೆಂದು ಬೆರಳಿಗೆ ಗೊತ್ತು.
ಗುರುವಾರ ಸಂಜೆ ಅದನ್ನು ಹೆಂಡತಿಯ ಕೈಗೆ ಕೊಡುತ್ತೇನೆ.
ಅವಳು ಎಣಿಸಿ ಗೋಧಿ ಡಬ್ಬಿಗೆ ಹಾಕುತ್ತಾಳೆ: ಹತ್ತೊಂಬತ್ತು.
ಶುಕ್ರವಾರ ಬೆಳಿಗ್ಗೆ, ನಾನು ಕೇಳದಿದ್ದರೂ,
ಮತ್ತೆ ಎಣಿಸಿಯೇ ಕೊಡುತ್ತಾಳೆ.